ಮೇಸ್ತ್ರಿಯ ಕ್ಯೂರಿಂಗ್, ಡಾಕ್ಟರ ಕ್ಯೂರ್

ಮಕ್ಕಳೇ, ಹೋದ ಬೇಸಿಗೆಯಲ್ಲಿ ಕುಂದುರ್ಪಿಯಲ್ಲಿ ನಮ್ಮ ಶಾಲೆಯ ಪಕ್ಕದ ಮನೆಗೆ ತಾರಸಿ ಹಾಕಿದರು. ಮಾರನೇ ದಿನ ಮೇಸ್ತ್ರಿ ಮನೆಯವರಿಗೆ ತೆಲುಗಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದ: "ಪದಿ ರೋಜುಲು ಕ್ಯೂರಿಂಗ್ ಚೆಯ್ಯಾಲಿ, ಮರ್ಚಿಪೋವದ್ದು." ಹತ್ತು ದಿನ ಕ್ಯೂರಿಂಗ್ ಮಾಡಬೇಕು, ಮರೀಬೇಡಿ ಅಂತ. ನಮ್ಮ ತರಗತಿಯ ಕಿಟಕಿಯವರೆಗೂ ಕೇಳಿಸಿತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ್, ಇಂಗ್ಲಿಷ್ ಪಾಠದಲ್ಲಿ ಕ್ಯೂರ್ ಅಂದ್ರೆ ರೋಗ ವಾಸಿ ಮಾಡೋದು ಅಂತ ಬರೆಸಿದ್ರಿ. ತಾರಸಿಗೆ ಏನ್ ರೋಗ ಬಂದಿದೆ ಸರ್?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಪ್ರಶ್ನೆ ನಗುವಂಥದ್ದಲ್ಲ. ಉತ್ತರ ಹೇಳಲು ಹೊರಟರೆ ಭಾಷೆ, ಸಿಮೆಂಟು, ಕಡ್ಲೆಕಾಯಿ, ಕ್ಷಯರೋಗ ನಾಲ್ಕನ್ನೂ ಮುಟ್ಟಬೇಕಾಗುತ್ತದೆ. ಅವತ್ತು ಗಂಟೆ ಹೊಡೆದುಬಿಟ್ಟಿತು. ಬಾಕಿ ಉಳಿದ ಉತ್ತರ ಇದು.

ಮೊದಲು ಪದ. ಇಂಗ್ಲಿಷಿನ 'ಕ್ಯೂರ್' ಬಂದಿದ್ದು ಲ್ಯಾಟಿನ್ ಭಾಷೆಯ 'ಕೂರಾ' ಎಂಬ ಪದದಿಂದ, ಫ್ರೆಂಚ್ ಭಾಷೆಯ ದಾರಿಯಾಗಿ. ಕೂರಾ ಎಂದರೆ ರೋಗ ವಾಸಿಯಾಗುವುದು ಅಲ್ಲ. ನಿಗಾ, ಕಾಳಜಿ, ಆರೈಕೆ ಎಂದರ್ಥ. ಸುಮಾರು 700 ವರ್ಷಗಳ ಹಿಂದೆ ಈ ಪದ ಇಂಗ್ಲಿಷಿಗೆ ಬಂದಾಗ, ಊರಿನ ಜನರ ಆತ್ಮಗಳನ್ನು ನೋಡಿಕೊಳ್ಳುವ ಪಾದ್ರಿಯ ಕೆಲಸಕ್ಕೂ 'ಕ್ಯೂರ್' ಎನ್ನುತ್ತಿದ್ದರು. ಫ್ರಾನ್ಸಿನಲ್ಲಿ ಈಗಲೂ ಊರ ಪಾದ್ರಿಗೆ 'ಕ್ಯೂರೆ' ಎಂದೇ ಹೆಸರು. ರೋಗಿಯನ್ನು ನೋಡಿಕೊಳ್ಳುವುದು ಎಂಬ ಅರ್ಥವೂ ಜೊತೆಗೇ ಇತ್ತು. ನೋಡಿಕೊಂಡರೆ ವಾಸಿಯಾಗುತ್ತದೆ ಎಂಬ ನಂಬಿಕೆಯಿಂದ ಪದ ಮೆಲ್ಲಗೆ ಜರುಗಿತು. 'ನೋಡಿಕೊಳ್ಳುವುದು' ಹೋಗಿ 'ವಾಸಿ ಮಾಡುವುದು' ಬಂತು. ಕೆಲಸದ ಹೆಸರು ಫಲದ ಹೆಸರಾಯಿತು. ಈ ಜರುಗಾಟವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೂರಾ ಮನೆತನ ದೊಡ್ಡದು. ಮ್ಯೂಸಿಯಮ್ಮಿನ ವಸ್ತುಗಳನ್ನು ನೋಡಿಕೊಳ್ಳುವವರು ಕ್ಯೂರೇಟರ್. ನಿಮ್ಮ ಪ್ರಯೋಗದ ಅಳತೆ 'ಅಕ್ಯುರೇಟ್' ಆಗಿರಬೇಕು ಎನ್ನುತ್ತೇವಲ್ಲ, ಅದರ ಮೂಲ ಅರ್ಥ 'ನಿಗಾ ಇಟ್ಟು ಮಾಡಿದ್ದು'. 'ಕ್ಯೂರಿಯಸ್' ಎಂದರೆ ಕುತೂಹಲಿ; ಹಿಂದೆ ಅದಕ್ಕೆ 'ಜಾಗ್ರತೆಯುಳ್ಳ' ಎಂಬ ಅರ್ಥವೂ ಇತ್ತು. 'ಸೆಕ್ಯೂರ್' ಬಿಡಿಸಿದರೆ 'ಸೆ' ಅಂದರೆ ಇಲ್ಲದೆ, 'ಕೂರಾ' ಅಂದರೆ ಚಿಂತೆ. ಚಿಂತೆ ಇಲ್ಲದ ಸ್ಥಿತಿ. ಅದೇ ಪದ ಫ್ರೆಂಚರ ಬಾಯಲ್ಲಿ ಸವೆದು ಸವೆದು 'ಶೂರ್' ಆಯಿತು. ನೀವು ದಿನಕ್ಕೆ ಹತ್ತು ಸಲ "ಶೂರಾ?" ಅಂತ ಕೇಳುತ್ತೀರಲ್ಲ, ಅದರೊಳಗೂ ಕೂರಾ ಕೂತಿದೆ.

ಒಂದು ಎಚ್ಚರಿಕೆ. 'ಕೇರ್' ಎಂಬ ಇಂಗ್ಲಿಷ್ ಪದ ಕೂರಾದಂತೆಯೇ ಕೇಳಿಸುತ್ತದೆ, ಅರ್ಥವೂ ಅದೇ. ಆದರೂ ನೆಂಟರಲ್ಲ. ಕೇರ್ ಇಂಗ್ಲಿಷಿನ ಹಳೆಯ ಸ್ವಂತ ಪದ, ಅದಕ್ಕೆ ಮೊದಲು ದುಃಖ ಎಂಬ ಅರ್ಥವಿತ್ತು. ದಕ್ಷಿಣ ಅಮೆರಿಕದ ಬೇಟೆಗಾರರು ಬಾಣದ ತುದಿಗೆ ಹಚ್ಚುತ್ತಿದ್ದ 'ಕ್ಯುರಾರೆ' ಎಂಬ ವಿಷಕ್ಕೂ ಈ ಮನೆತನಕ್ಕೂ ಸಂಬಂಧವಿಲ್ಲ, ಅದು ಅಲ್ಲಿನ ಜನರ ಮಾತು. ಸದ್ದು ಒಂದೇ ಇದ್ದರೆ ಸಂಬಂಧ ಇದೆ ಅನ್ನುವ ಹಾಗಿಲ್ಲ. ರೋಗಿ ಚೇತರಿಸಿಕೊಳ್ಳುವುದಕ್ಕೆ 'ರಿಕವರ್' ಎನ್ನುತ್ತಾರೆ. ಅದನ್ನು 'ಮತ್ತೆ ಕವರ್ ಮಾಡು' ಅಂತ ಬಿಡಿಸಿದ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೇನೆ. ತಪ್ಪು. ಅದರ ಮೂಲ 'ಕಳೆದದ್ದನ್ನು ಮರಳಿ ಪಡೆ' ಎಂಬ ಇನ್ನೊಂದು ಲ್ಯಾಟಿನ್ ಪದ. ಸಾಲ ರಿಕವರಿ, ಜ್ವರದಿಂದ ರಿಕವರಿ, ಮೋಟಾರು ನಿಲ್ಲಿಸಿದ ಮೇಲೆ ಬೋರ್‌ವೆಲ್ಲಿನಲ್ಲಿ ನೀರು ಮೇಲೆ ಬರುವ ರಿಕವರಿ, ಮೂರಕ್ಕೂ ಅದೇ ಅರ್ಥ ಸರಿಯಾಗಿ ಕೂರುತ್ತದೆ. 'ಹೀಲ್' ಎಂಬುದು ಬೇರೆ. ಅದು 'ಇಡೀ' ಎಂಬ ಅರ್ಥದ 'ಹೋಲ್' ಪದದ ಒಡಹುಟ್ಟು. ಒಡೆದದ್ದು ಮತ್ತೆ ಇಡಿಯಾಗುವುದು ಹೀಲ್. ಹೆಲ್ತ್ ಕೂಡ ಅದೇ ಬಸುರಿನ ಕೂಸು.

ಈಗ ತಾರಸಿಗೆ ಬರೋಣ. ಬಹಳ ಜನ ಕಾಂಕ್ರೀಟು ಒಣಗಿ ಗಟ್ಟಿಯಾಗುತ್ತದೆ ಅಂದುಕೊಂಡಿದ್ದಾರೆ. ಮಣ್ಣಿನ ಗೋಡೆ ಒಣಗಿ ಗಟ್ಟಿಯಾಗುವುದನ್ನು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಆದರೆ ಕಾಂಕ್ರೀಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರು ಕುಡಿದು. ಸಿಮೆಂಟಿನಲ್ಲಿರುವ ಕ್ಯಾಲ್ಸಿಯಂ ಸಿಲಿಕೇಟುಗಳು ನೀರಿನೊಂದಿಗೆ ರಾಸಾಯನಿಕ ಕ್ರಿಯೆ ನಡೆಸಿ, ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅಂಟಾದ ಹೊಸ ವಸ್ತುವನ್ನು ಮಾಡುತ್ತವೆ. ಮರಳನ್ನೂ ಜಲ್ಲಿಯನ್ನೂ ಕಚ್ಚಿ ಹಿಡಿಯುವುದು ಅದೇ. ಈ ಕ್ರಿಯೆ ನಿಧಾನ. ಮೊದಲ ದಿನವೇ ತಾರಸಿಯ ಮೇಲೆ ನಡೆಯಬಹುದು, ನಿಜ. ಆದರೆ ಅದರ ಬಲವನ್ನು ಅಳೆಯುವುದು 28ನೇ ದಿನ. ಏಳನೇ ದಿನಕ್ಕೆ ಆ ಬಲದಲ್ಲಿ ಸುಮಾರು ಮೂರನೇ ಎರಡು ಭಾಗ ಬಂದಿರುತ್ತದೆ ಅಷ್ಟೇ. ನಡುವೆ ನೀರು ಆರಿಹೋದರೆ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ, ಮೂರು ಮಳೆಗಾಲದ ನಂತರ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಭಾರತೀಯ ಮಾನಕ 456 ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ ಒದ್ದೆ ಇಡಬೇಕು, ಬಿಸಿಲು ಒಣಹವೆ ಇದ್ದರೆ 10 ದಿನಕ್ಕೆ ಕಡಿಮೆ ಬೇಡ ಎನ್ನುತ್ತದೆ. ನಮ್ಮ ಅನಂತಪುರ ಸೀಮೆಯ ಬಿಸಿಲನ್ನೂ ಗಾಳಿಯನ್ನೂ ಬಲ್ಲ ಮೇಸ್ತ್ರಿ ಹತ್ತು ದಿನ ಅಂದದ್ದು ಸರಿಯಾಗಿಯೇ ಇತ್ತು. ಅವನು ಮಾನಕ ಓದಿದ್ದನೋ ಇಲ್ಲವೋ, ಬಿರುಕು ಬಿಟ್ಟ ತಾರಸಿಗಳನ್ನಂತೂ ನೋಡಿದ್ದಾನೆ.

ಹಾಗಾದರೆ ತಾರಸಿಗೆ ರೋಗವಿಲ್ಲ. ಅದಕ್ಕೆ ಬೇಕಾದದ್ದು ಕೂರಾ, ಅಂದರೆ ಬಾಣಂತಿಗೆ ಮಾಡುವಂಥ ಆರೈಕೆ. ಮೇಸ್ತ್ರಿಯ ಕ್ಯೂರಿಂಗು ಪದದ ಹಳೆಯ ಅರ್ಥವನ್ನು ಉಳಿಸಿಕೊಂಡಿದೆ.

ಇನ್ನೊಂದು ಕ್ಯೂರಿಂಗ್ ನಿಮ್ಮ ಹೊಲದಲ್ಲೇ ಇದೆ. ಕಡ್ಲೆಕಾಯಿ ಗಿಡ ಕಿತ್ತಾಗ ಕಾಯಿಯಲ್ಲಿ ನೂರಕ್ಕೆ 35ರಿಂದ 40 ಭಾಗ, ಒಮ್ಮೊಮ್ಮೆ ಇನ್ನೂ ಹೆಚ್ಚು ತೇವ ಇರುತ್ತದೆ. ಗಿಡ ಬುಡಮೇಲು ಮಾಡಿ ಸಾಲಾಗಿ ಹಾಕಿ, ಗಾಳಿಯಾಡಿಸಿ, ಆಮೇಲೆ ಕಾಯಿ ಬಿಡಿಸಿ ಒಣಗಿಸಿ ತೇವವನ್ನು ಸುಮಾರು 8 ಭಾಗಕ್ಕೆ ಇಳಿಸುತ್ತೇವೆ. ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಕೃಷಿ ಪುಸ್ತಕಗಳಲ್ಲಿ ಇದಕ್ಕೂ ಕ್ಯೂರಿಂಗ್ ಅಂತಲೇ ಹೆಸರು. ತಮಾಷೆ ನೋಡಿ: ಸಿಮೆಂಟಿಗೆ ನೀರು ಹಾಕುವುದೂ ಕ್ಯೂರಿಂಗ್, ಕಡ್ಲೆಕಾಯಿಯ ನೀರು ತೆಗೆಯುವುದೂ ಕ್ಯೂರಿಂಗ್! ವಸ್ತುವಿಗೆ ಏನು ಬೇಕೋ ಅದನ್ನು, ಬೇಕಾದಷ್ಟು ದಿನ, ಬಿಡದೆ ಕೊಡುವುದು, ಇಷ್ಟೇ ಎರಡಕ್ಕೂ ಸಮಾನ. ಹಸಿ ಕಾಯಿಯನ್ನು ಅವಸರದಲ್ಲಿ ಚೀಲಕ್ಕೆ ತುಂಬಿದರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಸಿರು-ಹಳದಿ ಬೂಷ್ಟು ಬೆಳೆದು, ಯಕೃತ್ತಿಗೆ ಕೇಡು ಮಾಡುವ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಅವು ತಿಂದ ಕಡ್ಲೆಹಿಂಡಿಯಲ್ಲಿ ಈ ವಿಷ ಮೊದಲು ಸಿಕ್ಕಿತು. ವಿಷದ ಹೆಸರೂ ಆ ಬೂಷ್ಟಿನದೇ: ಆಸ್ಪರ್ಜಿಲಸ್‌ನ ಆ, ಫ್ಲೇವಸ್‌ನ ಫ್ಲಾ, ಆಮೇಲೆ ಟಾಕ್ಸಿನ್.

ಇನ್ನು ನಮ್ಮ ಮಾತು. ಜ್ವರ ಬಿಟ್ಟ ಮೇಲೆ ನೀವು ಏನನ್ನುತ್ತೀರಿ? "ವಾಸಿ ಆಯ್ತು", "ಗುಣ ಆಯ್ತು", "ಹುಷಾರಾದ". ಗಾಯಕ್ಕೆ ಬೇರೆ: "ಮಾಯ್ತು". ತೆಲುಗಿನ ಗೆಳೆಯರು "ನಯಮೈಂದಿ", "ಕೋಲುಕುನ್ನಾಡು" ಅನ್ನುತ್ತಾರೆ, ಗಾಯಕ್ಕೆ "ಮಾನಿಂದಿ". 'ಹುಷಾರು' ಪಾರಸಿಯಿಂದ ಬಂದದ್ದು, ಎಚ್ಚರವುಳ್ಳ ಎಂದು ಅರ್ಥ. ಜ್ವರದಲ್ಲಿ ಮಂಕಾಗಿದ್ದವನು ಕಣ್ಣು ಬಿಟ್ಟು ಗೆಲುವಾದರೆ ಹುಷಾರು. 'ಆರೈಕೆ' ನಮ್ಮದೇ ಪದ. ಹಳಗನ್ನಡದ 'ಆರಯ್' ಎಂದರೆ ಗಮನವಿಟ್ಟು ನೋಡು, ವಿಚಾರಿಸು. ಲ್ಯಾಟಿನ್ನಿನ ಕೂರಾ ಮಾಡಿದ ಕೆಲಸವನ್ನೇ ಸಾವಿರ ವರ್ಷದಿಂದ ಇದು ಇಲ್ಲಿ ಮಾಡುತ್ತಿದೆ.

ನನಗೆ ಇವುಗಳಲ್ಲಿ ಹೆಚ್ಚು ಸೋಜಿಗ ಅನ್ನಿಸುವುದು 'ವಾಸಿ'. "ನಡೆಯೋದಕ್ಕಿಂತ ಬಸ್ಸೇ ವಾಸಿ" ಅನ್ನುತ್ತೇವೆ. ಅಲ್ಲಿ ಅದು ರೋಗದ ಮಾತಲ್ಲ, ಹೋಲಿಕೆಯ ಮಾತು. ತೆಲುಗಿನ 'ನಯಂ' ಕೂಡ ಹಾಗೆಯೇ, "ದಾನಿಕಂಟೆ ಇದಿ ನಯಂ". ಇಂಗ್ಲಿಷಿನಲ್ಲಿ 'ಬೆಟರ್' ಅಂದರೂ ಅದೇ, ಇನ್ನೊಂದಕ್ಕಿಂತ ಮೇಲು. ಮೂರು ಭಾಷೆಯವರೂ ರೋಗ ಹೋದದ್ದನ್ನು ಹೇಳಲು ಹೋಲಿಕೆಯ ಪದವನ್ನೇ ಹಿಡಿದಿದ್ದಾರೆ. ಯಾವುದಕ್ಕಿಂತ ವಾಸಿ? ನಿನ್ನೆಗಿಂತ. ಅಂದರೆ "ವಾಸಿ ಆಯ್ತು" ಎಂಬ ಮಾತಿನಲ್ಲಿ ಎರಡು ಅರ್ಥ ಕೂಡಿಕೊಂಡಿವೆ. ಒಂದು, ರೋಗ ಪೂರ್ತಿ ಹೋಯಿತು. ಇನ್ನೊಂದು, ನಿನ್ನೆಗಿಂತ ಪರವಾಗಿಲ್ಲ. ನೆಗಡಿಯಲ್ಲಿ ಈ ಎರಡರ ನಡುವೆ ವ್ಯತ್ಯಾಸ ಇಲ್ಲ. ಕೆಲವು ರೋಗಗಳಲ್ಲಿ ಆ ವ್ಯತ್ಯಾಸ ಪ್ರಾಣದ ಮಾತು.

ನನ್ನ ಬಳಿ ಓದಿದ ಒಬ್ಬ ಹುಡುಗ ಹತ್ತನೇ ತರಗತಿ ಮುಗಿಸಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋದ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಎಷ್ಟು ಮನೆಗಳಿಗೆ ಬೀಗ ಬೀಳುತ್ತದೆ ಅಂತ ನಿಮಗೇ ಗೊತ್ತು. ಎರಡು ವರ್ಷದ ಮೇಲೆ ಕೆಮ್ಮಿಕೊಂಡು ಬಂದ. ಸಂಜೆ ಜ್ವರ, ಮೈ ಇಳಿದಿತ್ತು. ಕಫ ಪರೀಕ್ಷೆಯಲ್ಲಿ ಕ್ಷಯ ಅಂತ ಗೊತ್ತಾಯಿತು, ಮಾತ್ರೆ ಶುರುವಾಯಿತು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಊಟ ಸೇರಿತು, ತೂಕ ಬಂತು. ದಾರಿಯಲ್ಲಿ ಸಿಕ್ಕಾಗ "ವಾಸಿ ಆಯ್ತು ಸರ್" ಅಂದ. ನಾನು "ಒಳ್ಳೇದಾಯ್ತಪ್ಪ" ಅಂದು ಮುಂದೆ ಹೋದೆ. ವಿಜ್ಞಾನದ ಮೇಷ್ಟ್ರಾದ ನಾನು "ಮಾತ್ರೆ ಇನ್ನೂ ನುಂಗ್ತಾ ಇದೀಯಾ?" ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಅವನು ಬಿಟ್ಟಿದ್ದ. ಐದಾರು ತಿಂಗಳಿಗೆ ಕೆಮ್ಮು ರಕ್ತದ ಜೊತೆ ವಾಪಸ್ಸು ಬಂತು. ಈ ಸಲ ಹಳೆಯ ಮಾತ್ರೆ ಕೆಲಸ ಮಾಡಲಿಲ್ಲ.

ಯಾಕೆ ಹೀಗೆ? ಲೆಕ್ಕ ಹಾಕೋಣ, ನೋಟ್‌ಬುಕ್ ತೆಗೆಯಿರಿ. ನಮ್ಮ ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾ ಅನುಕೂಲವಿದ್ದರೆ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಕ್ಷಯದ ಬ್ಯಾಕ್ಟೀರಿಯಾ ಎರಡಾಗಲು ಸುಮಾರು 20 ಗಂಟೆ ಬೇಕು. ಅಂದರೆ ಇದು ಒಮ್ಮೆ ಎರಡಾಗುವಷ್ಟರಲ್ಲಿ ಅದು 60 ಸಲ ಎರಡಾಗಿರುತ್ತದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಮೇಣದಂಥ ದಪ್ಪ ಹೊದಿಕೆ ಬೇರೆ. ಐಸೋನಿಯಾಜಿಡ್ ಎಂಬ ಮಾತ್ರೆ ಆ ಹೊದಿಕೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ. ಎರಡಾಗುತ್ತಿರುವ ಬ್ಯಾಕ್ಟೀರಿಯಾಗಳು ಬೇಗ ಸಾಯುತ್ತವೆ, ಅವೇ ಹೆಚ್ಚು ಸಂಖ್ಯೆಯಲ್ಲಿರುವುದು. ಅವು ಸತ್ತರೆ ಜ್ವರ ಇಳಿಯುತ್ತದೆ. ಆದರೆ ಕೆಲವು ಏನೂ ಮಾಡದೆ ನಿದ್ದೆ ಹೋದಂತೆ ಕುಳಿತಿರುತ್ತವೆ. ಮನೆ ಕಟ್ಟದವನ ಮನೆ ಕೆಡಿಸುವುದು ಹೇಗೆ? ಅವು ಒಂದೊಂದಾಗಿ ಏಳುವವರೆಗೆ ಕಾಯಬೇಕು. ಅದಕ್ಕೇ ಆರು ತಿಂಗಳು: ಮೊದಲ 2 ತಿಂಗಳು ನಾಲ್ಕು ಔಷಧಿ, ಆಮೇಲೆ 4 ತಿಂಗಳು ಮೂರು ಔಷಧಿ.

ನಾಲ್ಕು ಯಾಕೆ, ಒಂದೇ ಸಾಲದೇ? ಇನ್ನೊಂದು ಲೆಕ್ಕ. ಸುಮಾರು 10 ಲಕ್ಷ ಬ್ಯಾಕ್ಟೀರಿಯಾಗಳಲ್ಲಿ ಒಂದು ಹುಟ್ಟುತ್ತಲೇ ಐಸೋನಿಯಾಜಿಡ್ಡಿಗೆ ಬಗ್ಗದಂತಿರುತ್ತದೆ. ರಿಫಾಂಪಿಸಿನ್ನಿಗೆ ಬಗ್ಗದ್ದು ಸುಮಾರು 10 ಕೋಟಿಗೆ ಒಂದು. ರೋಗಿಯ ಶ್ವಾಸಕೋಶದ ಒಂದು ಹುಣ್ಣಿನಲ್ಲಿ 10 ಕೋಟಿ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಒಂದೇ ಮಾತ್ರೆ ಕೊಟ್ಟರೆ ಬಗ್ಗದವು ಉಳಿದು ಹೆಚ್ಚುತ್ತವೆ. ಎರಡಕ್ಕೂ ಒಟ್ಟಿಗೆ ಬಗ್ಗದ್ದು ಬೇಕಾದರೆ ಎರಡು ಸಂಖ್ಯೆಗಳನ್ನು ಗುಣಿಸಿ: ಕೋಟಿ ಕೋಟಿಗೆ ಒಂದು. ಅಷ್ಟು ಬ್ಯಾಕ್ಟೀರಿಯಾ ಒಬ್ಬ ಮನುಷ್ಯನೊಳಗೆ ಇರುವುದಿಲ್ಲ. ಆದರೆ ಔಷಧಿಯನ್ನು ಒಂದು ದಿನ ನುಂಗಿ ಮೂರು ದಿನ ಬಿಟ್ಟು, ಅರ್ಧದಲ್ಲಿ ನಿಲ್ಲಿಸಿದರೆ, ಗಟ್ಟಿಗರನ್ನು ನಾವೇ ಆರಿಸಿ ಬಿತ್ತನೆಗೆ ಇಟ್ಟಂತೆ. ಈ ಎರಡೂ ಔಷಧಿಗೆ ಬಗ್ಗದ ಕ್ಷಯಕ್ಕೆ ಎಂಡಿಆರ್ ಎನ್ನುತ್ತಾರೆ. ಅದಕ್ಕೆ ಇತ್ತೀಚಿನವರೆಗೂ ಒಂದೂವರೆ, ಎರಡು ವರ್ಷದ ಚಿಕಿತ್ಸೆ ಬೇಕಾಗುತ್ತಿತ್ತು. ಅವರು ಕೆಮ್ಮಿದಾಗ ಹರಡುವುದೂ ಅದೇ ಗಟ್ಟಿ ತಳಿ.

ಮಾತ್ರೆಗಳೇ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಕ್ಯೂರ್ ಮಾಡುತ್ತಿದ್ದರು, ಹಳೆಯ ಅರ್ಥದಲ್ಲಿ. ನಮ್ಮ ರಾಯಲಸೀಮೆಯಲ್ಲೇ ಮದನಪಲ್ಲಿಯ ಹತ್ತಿರ ಕ್ರೈಸ್ತ ಮಿಷನ್ನುಗಳು ಸೇರಿ ಒಂದು ಕ್ಷಯರೋಗ ಸ್ಯಾನಟೋರಿಯಂ ಕಟ್ಟಿದವು. 1915ರ ಹೊತ್ತಿಗೆ ಅಲ್ಲಿ ರೋಗಿಗಳಿದ್ದರು. ಆ ಜಾಗದ ಹೆಸರು ಆರೋಗ್ಯವರಂ. ಒಳ್ಳೆ ಗಾಳಿ, ವಿಶ್ರಾಂತಿ, ಹಾಲು, ಊಟ, ತಿಂಗಳುಗಟ್ಟಲೆ ಮಂಚ. ಕೆಲವರು ಚೇತರಿಸಿಕೊಂಡರು, ಅನೇಕರು ಇಲ್ಲ. ಆರೈಕೆ ಇತ್ತು, ಫಲದ ಭರವಸೆ ಇರಲಿಲ್ಲ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಾಜಿಡ್ ಬಂದ ಮೇಲೆ ಮಾತು ಬದಲಾಯಿತು. ಆಗ ಒಂದು ದೊಡ್ಡ ಪ್ರಶ್ನೆ ಎದ್ದಿತು: ಮಾತ್ರೆ ಇದ್ದರೆ ಸ್ಯಾನಟೋರಿಯಂ ಬೇಕೇ? 1956ರಲ್ಲಿ ಮದರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರ ಇದನ್ನು ಪರೀಕ್ಷೆಗೆ ಒಡ್ಡಿತು. ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂಗೆ ಸೇರಿಸಿ, ಉಳಿದವರಿಗೆ ಇಕ್ಕಟ್ಟಾದ ಅವರ ಮನೆಯಲ್ಲೇ ಇಟ್ಟು, ಒಂದು ವರ್ಷ ಒಂದೇ ಔಷಧಿ ಕೊಟ್ಟರು. 1959ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು, ಮನೆಮಂದಿಗೂ ಅದರಿಂದ ಹೆಚ್ಚಿನ ಅಪಾಯ ಕಾಣಲಿಲ್ಲ. ಇಡೀ ಲೋಕ ಕ್ಷಯಕ್ಕೆ ಚಿಕಿತ್ಸೆ ಕೊಡುವ ರೀತಿ ಬದಲಾಗಿದ್ದು ಇದರಿಂದ.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಸಂಶೋಧಕರು 1960ರ ದಶಕದ ಮೊದಲಲ್ಲಿ ನಮ್ಮ ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಕ್ಷಯ ಇದ್ದವರನ್ನು ಮಾತಾಡಿಸಿದರು. ಹಳ್ಳಿ ಜನಕ್ಕೆ ರೋಗದ ಅರಿವಿಲ್ಲ ಎಂಬುದು ಪಟ್ಟಣದವರ ನಂಬಿಕೆಯಾಗಿತ್ತು. ಹಾಗಿರಲಿಲ್ಲ. ಬಹುಪಾಲು ಜನರಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆ ಅಂತ ಗೊತ್ತಿತ್ತು, ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ನನಗೆ ಇದು ಬಹಳ ಮುಖ್ಯ ಅನ್ನಿಸುತ್ತದೆ. ತಪ್ಪೆಲ್ಲ ರೋಗಿಯದೇ ಎನ್ನುವ ಮೊದಲು ಈ ಅಧ್ಯಯನ ನೆನಪಿಸಿಕೊಳ್ಳಬೇಕು. ನನ್ನ ಶಿಷ್ಯನಿಗೂ ಕೂಲಿ ಬಿಟ್ಟು ಮಾತ್ರೆ ತರಲು ಹೋಗುವ ದಿನದ ಲೆಕ್ಕ ಇತ್ತು.

ಈಗ ಆಸ್ಪತ್ರೆಯ ದಾಖಲೆ ನೋಡಿ. ಅಲ್ಲಿ 'ಕ್ಯೂರ್ಡ್' ಎಂದು ಸುಮ್ಮನೆ ಬರೆಯುವುದಿಲ್ಲ. ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಂಡಿದ್ದ ರೋಗಿ ಮಾತ್ರೆ ಪೂರ್ತಿ ಮುಗಿಸಿ, ಕೊನೆಯಲ್ಲಿ ಕಫ ಪರೀಕ್ಷೆ ಮಾಡಿದಾಗ ಬ್ಯಾಕ್ಟೀರಿಯಾ ಕಾಣದಿದ್ದರೆ ಮಾತ್ರ ಆ ಪದ. ಮಾತ್ರೆ ಮುಗಿಸಿದರೂ ಕೊನೆಯ ಪರೀಕ್ಷೆ ಆಗದಿದ್ದರೆ 'ಚಿಕಿತ್ಸೆ ಮುಗಿದಿದೆ' ಎಂದು ಬೇರೆ ಬರೆಯುತ್ತಾರೆ. ರೋಗಿಗೆ ಹೇಗನ್ನಿಸುತ್ತದೆ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ನಮ್ಮ 'ವಾಸಿ'ಯ ಎರಡು ಅರ್ಥಗಳನ್ನು ಬೇರೆ ಮಾಡಲು ಅವರು ಕಂಡುಕೊಂಡ ಉಪಾಯ ಅದು.

ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಯಾರಿಗಾದರೂ ಎರಡು ವಾರಕ್ಕೆ ಮೀರಿದ ಕೆಮ್ಮು ಇದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಮಾತ್ರೆಯೂ ಉಚಿತ. ಊಟದ ಖರ್ಚಿಗೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಖಾತೆಗೆ ಬರುತ್ತಿತ್ತು, 2024ರ ನವೆಂಬರಿನಿಂದ ಅದನ್ನು 1000 ಮಾಡಿದ್ದಾರೆ. ರಿಫಾಂಪಿಸಿನ್ ನುಂಗಿದವರಿಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಿ ಹೆದರಿ ಮಾತ್ರೆ ಬಿಟ್ಟವರಿದ್ದಾರೆ. ಅದು ಔಷಧಿಯ ಬಣ್ಣ ಅಷ್ಟೇ ಅಂತ ನೀವು ಹೇಳಬಹುದು. ಹೊಟ್ಟೆ ತೊಳಸಿದರೆ, ಕಣ್ಣು ಹಳದಿಯಾದರೆ ಮಾತ್ರ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು.

ಆ ಹುಡುಗನ ಎರಡನೇ ಚಿಕಿತ್ಸೆ ಉದ್ದವಾಗಿತ್ತು, ಅವನು ಮುಗಿಸಿದ. ಈಗ ಊರಲ್ಲೇ ಇದ್ದಾನೆ. ಪಕ್ಕದ ಮನೆಯ ತಾರಸಿಗೆ ಹತ್ತು ದಿನ ಬೆಳಗ್ಗೆ ಸಂಜೆ ನೀರು ಬಿಟ್ಟವನು ಅವನೇ.

ಮಾಡಿ ನೋಡಿ: ಒಂದು ಪಾಲು ಸಿಮೆಂಟು, ಮೂರು ಪಾಲು ಮರಳು, ಸ್ವಲ್ಪ ನೀರು ಕಲಸಿ ಎರಡು ಖಾಲಿ ಬೆಂಕಿಪೊಟ್ಟಣಗಳಿಗೆ ತುಂಬಿ. ಬರಿಗೈಯಲ್ಲಿ ಮುಟ್ಟಬೇಡಿ, ಸಿಮೆಂಟು ಚರ್ಮ ಸುಡುತ್ತದೆ. ಒಂದು ದಿನದ ನಂತರ ಒಂದನ್ನು ಬಿಸಿಲಿಗೆ ಇಡಿ, ಇನ್ನೊಂದನ್ನು ನೀರಿನಲ್ಲಿ ಮುಳುಗಿಸಿಡಿ. ಹತ್ತು ದಿನ ಬಿಟ್ಟು ಎರಡನ್ನೂ ಒಂದೇ ಎತ್ತರದಿಂದ ಕಲ್ಲಿನ ಮೇಲೆ ಬೀಳಿಸಿ. ಎಷ್ಟನೇ ಸಲಕ್ಕೆ ಯಾವುದು ಒಡೆಯಿತು ಎಂದು ಬರೆದಿಡಿ. ಒಂದೇ ಜೋಡಿ ಸಾಲದು, ಐದು ಜೋಡಿಯಾದರೂ ಮಾಡಿ.

ಇನ್ನೊಂದು ಕೆಲಸ. ಒಣಗಿದ ಕಡ್ಲೆಕಾಯಿ ಹೊಲ ಮಳೆ ಬಿದ್ದ ಮೇಲೆ ಹಸಿರಾದರೆ "ಬೆಳೆ ತಿರುಗಿಕೊಂಡಿತು" ಅನ್ನುತ್ತೇವೆ. ಮೇವು ಬಿಟ್ಟ ದನ ಮತ್ತೆ ಮೆಲುಕು ಹಾಕಿದರೆ ನಿಮ್ಮ ಊರಲ್ಲಿ ಏನನ್ನುತ್ತಾರೆ? ಮುರಿದ ಮೂಳೆ ಕೂಡಿದರೆ? ಅಜ್ಜಿಯನ್ನು ಕೇಳಿ, ಕನ್ನಡದಲ್ಲೂ ತೆಲುಗಿನಲ್ಲೂ ಬರೆದುಕೊಂಡು ನಿಮ್ಮ ವಿಜ್ಞಾನ ಶಿಕ್ಷಕರ ಕೈಗೆ ಕೊಡಿ. ಮುಂದಿನ ಸಂಚಿಕೆಯಲ್ಲಿ ಹಾಕೋಣ.